ಗೋಡೆಯ ಊಟ

ಮೈದಾ ಅಂಟು ಕುದಿಯುವ ವಾಸನೆ ಮೂಗಿಗೆ ಬಡಿದರೆ ಅಂಟಕ್ಕನಿಗೆ ಈಗಲೂ ಬಾಯಲ್ಲಿ ನೀರೂರುತ್ತದೆ. ಚಿಕ್ಕಂದಿನಲ್ಲಿ ಅವಳೂ ತಂಗಿಯೂ ಸೌಟಿಗೆ ಕಿತ್ತಾಡಿ ಬಿಸಿ ಅಂಟನ್ನೇ ನೆಕ್ಕುತ್ತಿದ್ದರು. "ಅದು ಗೋಡೆ ಊಟ ಕಣ್ರೇ, ಹೊಟ್ಟೆಬಾಕಗಳಾ!" ಎಂದು ಪೋಸ್ಟರ್ ಅಂಟಿಸುವ ಅವ್ವ ಬೆನ್ನಿಗೊಂದು ಬಿಡುತ್ತಿದ್ದಳು. ಅವ್ವನ ಬಕೆಟ್ಟು, ಬ್ರಷ್ಷು ಈಗ ಅಂಟಕ್ಕನ ಪಾಲಿಗೆ.

"ಏನೇ, ಗೋಡೆಗೆ ಮುತ್ತು ಕೊಡ್ತಿದೀಯಾ? ಬೇಗ ಹಚ್ಚೇ ಮುಂಡೇದೇ! ಧಣಿಗಳು ಎರಡು ದಿನದಿಂದ ಊಟ ಬಿಟ್ಟಿದಾರೆ," ಮಿಲ್ಲಿನ ಮ್ಯಾನೇಜರ್ ಸ್ಕೂಟರಿನ ಮೇಲಿಂದಲೇ ಬೈದು ಹೋದ.

ಬಟ್ಟೆ ಮಿಲ್ಲಿನ ಧಣಿಯ ನಾಯಿ ಕಾಣೆಯಾಗಿತ್ತು. ಅದಕ್ಕೆ ಇನ್ನೂರು ಪೋಸ್ಟರು, ಹುಡುಕಲು ಇಬ್ಬರು ಪೊಲೀಸರು.

ಅದೇ ಮಿಲ್ಲಿಗೆ ಹನ್ನೊಂದು ತಿಂಗಳ ಹಿಂದೆ ಬೆಳಗಿನ ಪಾಳಿಗೆ ಹೋದ ತಂಗಿ ಮನೆಗೆ ಬಂದಿರಲಿಲ್ಲ. ಏಳು ಸಲ ಠಾಣೆ ಹತ್ತಿದರೂ ಸಾಹೇಬ ದೂರು ಬರೆದುಕೊಂಡಿರಲಿಲ್ಲ. "ಯಾವನ ಜೊತೆಗೋ ಓಡಿಹೋಗಿರ್ತಾಳೆ ಬಿಡೇ. ಹೊಟ್ಟೆ ಮುಂದೆ ಮಾಡ್ಕೊಂಡು ಬಂದಾಗ ಬರ್ಕೊಳ್ತೀನಿ," ಎಂದು ನಕ್ಕಿದ್ದ.

ನಾಯಿಯ ಪೋಸ್ಟರು ತರಲು ಹೋದಾಗ ಅಂಟಕ್ಕ ಪ್ರೆಸ್ಸಿನ ಮುದುಕನಿಗೆ, "ನಮ್ ತಂಗಿಗೂ ಒಂದು ಬಾಲ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ತಾತ," ಎಂದಿದ್ದಳು. ಮುದುಕ ಕನ್ನಡಕ ಒರೆಸಿಕೊಂಡ. "ಫೋಟೋ ಇದೆಯೇನಮ್ಮ?" ಎಂದ. ಮಿಕ್ಕಿದ್ದ ಕಾಗದದಲ್ಲೇ ತಂಗಿಯದೂ ಇನ್ನೂರು ಹಾಳೆ ಹೊಡೆದುಕೊಟ್ಟ.

ಅಂದು ಅಂಟಕ್ಕ ಹೊತ್ತದ್ದು ಎರಡು ಬಕೆಟ್ಟು. ಗಟ್ಟಿಯಾಗಿ ಬೇಯಿಸಿದ ಅಂಟು ತಂಗಿಗೆ, ಅಂಚಿನಿಂದ ಅಂಚಿಗೆ ಬಳಿದು. ಅದರ ಮೇಲೆ ನಾಯಿ. ಅದಕ್ಕೆ ನೀರಂಟು, ನಾಲ್ಕು ಮೂಲೆಗೆ ನಾಲ್ಕೇ ಬೊಟ್ಟು.

ಮರುದಿನ ಬಿಸಿಲೇರಿ ಗಾಳಿ ಎದ್ದಿತು. ನಾಯಿಗಳೆಲ್ಲ ಗೋಡೆ ಬಿಟ್ಟು ಬೀದಿಗುಂಟ ಓಡಿದವು. ಊರ ತುಂಬ ತಂಗಿ ನಗುತ್ತಿದ್ದಳು, ಠಾಣೆಯ ಕಾಂಪೌಂಡಿನ ಮೇಲೂ. ಕೆಳಗೆ ಎರಡೇ ಸಾಲು: 'ಮಿಲ್ಲಿನ ಗೇಟಿನೊಳಗೆ ಹೋದಳು. ಹೊರಗೆ ಬಂದದ್ದನ್ನು ಯಾರಾದರೂ ನೋಡಿದಿರಾ?'

"ಇದನ್ನ ಅಂಟಿಸು ಅಂತ ಯಾರೇ ಹೇಳಿದ್ದು, ಲೌಡಿ?" ಸಾಹೇಬ ಅವಳನ್ನು ಬಕೆಟ್ಟಿನ ಸಮೇತ ಕಾಂಪೌಂಡಿನ ಮುಂದೆ ತಂದು ನಿಲ್ಲಿಸಿದ.

"ನೀವು ಬರ್ಕೊಳ್ಳಲಿಲ್ಲ ಸ್ವಾಮಿ. ಗೋಡೆ ಪಾಪ, ಬರ್ಕೊಳ್ತು."

"ಕೆರಿಯೇ! ಚೂರು ಉಳಿದ್ರೂ ಒಳಗೆ ಹಾಕ್ತೀನಿ. ಮುಗಿಯೋವರೆಗೂ ಅನ್ನ ಇಲ್ಲ, ನೀರಿಲ್ಲ!"

ಅವನು ಒಳಗೆ ಹೋದ. ಅಂಟಕ್ಕ ಕೆರೆದಳು. ಸುಣ್ಣ ಉದುರಿತೇ ಹೊರತು ತಂಗಿ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮಧ್ಯಾಹ್ನದ ಪಾಳಿಗೆ ಹೊರಟ ಹೆಂಗಸರು ಒಬ್ಬೊಬ್ಬರಾಗಿ ನಿಂತರು. ಒಬ್ಬ ಮುದುಕಿ ಚೀಲದ ತಳದಿಂದ ಮಡಿಸಿದ ಫೋಟೋ ತೆಗೆದಳು.

"ನಮ್ ಸೊಸೆ ಕಣಮ್ಮ. ಅದೇ ಗೇಟು. ಇದಕ್ಕೂ ಒಂಚೂರು ಅಂಟು ಇದೆಯಾ?"

"ಇಲ್ದೆ ಏನಜ್ಜಿ, ಬಕೆಟ್ಟಿನ ತಳ ಕೆರೆದ್ರಾಯ್ತು. ಹೆಂಗಿದ್ರೂ ಕೆರಿ ಅಂತಾನೇ ಹೇಳಿದಾರೆ."

ತಂಗಿಯ ಪಕ್ಕದಲ್ಲಿ ಸೊಸೆ ಕೂತಳು.

ಕಾವಲಿಗಿದ್ದ ಮುದಿ ಪೇದೆ ಠಾಣೆಯ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದ. ಅಂಟಕ್ಕನ ಕೈಯಲ್ಲಿದ್ದ ಕೆರೆಯುವ ಚಾಕು ತೆಗೆದು ತನ್ನ ಜೇಬಿಗಿಳಿಸಿದ. ಖಾಲಿಯಾದ ಆ ಕೈಯಲ್ಲಿ ತನ್ನ ಊಟದ ಡಬ್ಬಿ ಇಟ್ಟ.