ಮುರಗೆಪ್ಪನ ಬೆಲ್ಲ ಯಾಕೆ ಗಟ್ಟಿಯಾಗಲಿಲ್ಲ?

ಉಗಾರ ಕಡೆಯ ಊರುಗಳಲ್ಲಿ ರೈತನ ಯೋಗ್ಯತೆಯನ್ನು ಅವನ ಕಬ್ಬಿನ ಹಸಿರು ನೋಡಿ ಅಳೆಯುತ್ತಾರೆ. ಹಾಗೆಂದು ಮುರಗೆಪ್ಪ ನಂಬಿದ್ದ. ಆ ವರ್ಷ ಗಾಣ ಶುರುವಾದ ಕೂಡಲೇ ಮಗಳು ಸುಂದರಾಳನ್ನು ನೋಡಲು ಯಡೂರಿನಿಂದ ಹುಡುಗನ ತಂದೆ ಅಪ್ಪಾಸಾಬರು ಬರುವವರಿದ್ದರು. ಹುಡುಗಿಗಿಂತ ಮೊದಲು ಅವರು ಕಬ್ಬು ನೋಡುತ್ತಾರೆ, ಬೆಲ್ಲ ತಿನ್ನುತ್ತಾರೆ. ಮುರಗೆಪ್ಪನಿಗೆ ಅದೇ ಚಿಂತೆ.

ಕಡಿಯಲು ಎರಡು ತಿಂಗಳಿರುವಾಗ ಅವನು ಯೂರಿಯಾ ಬುಟ್ಟಿ ಹೊತ್ತು ಹೊಲಕ್ಕೆ ಹೊರಟ. ಪಕ್ಕದ ಹೊಲದ ಗೆಳೆಯ ಬಾಬಾಸಾಹೇಬ ಅಡ್ಡ ಬಂದ.

"ಲೇ ಮುರಗ್ಯಾ, ಬುಡಕ್ಕ ಮಣ್ಣ ಹಾಕಿ ಬೋದ ಏರ್ಸುವಾಗ ಹಾಕೀದಿ, ಸಾಕಾಗೇತಿ. ಈಗ ಹಾಕಿದ್ರ ಕಬ್ಬ ಕೆಡತೈತಿ. ಧಾರವಾಡ ರೇಡಿಯೋದಾಗ ಹೇಳ್ಯಾರ."

"ರೇಡಿಯೋಕ್ಕೇನ ಹೊಲಾ ಐತೇನೋ? ನನ್ನ ಕಬ್ಬ ಹಸರಾದ್ರ ನಿನ್ನ ಹೊಟ್ಟಿ ಉರಿತೈತಿ, ಹೌದಿಲ್ಲೋ?"

ಹೆಂಡತಿ ಗಿರಿಜವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಬಾವಿ ದಂಡೆಯ ನಾಲ್ಕು ಸಾಲು ಕಬ್ಬನ್ನು ಯಡೂರಿನ ವೀರಭದ್ರನಿಗೆ ಹರಕೆ ಬಿಟ್ಟಿದ್ದರು. ಅವಳು ಅಲ್ಲಿ ಹೋಗಿ ನಿಂತಳು.

"ದೇವರ ಸಾಲಿಗೆ ಕೈ ಹಚ್ಚಬ್ಯಾಡ್ರಿ!"

ವೀರಭದ್ರನೆಂದರೆ ಮುರಗೆಪ್ಪನಿಗೆ ಪ್ರಾಣಭಯ. ಆ ಸಾಲು ಬಿಟ್ಟು, ಉಳಿದ ಹೊಲಕ್ಕೆಲ್ಲ ಬಗ್ಗಿ ನುಸುಳಿ ಯೂರಿಯಾ ಚೆಲ್ಲಿದ. ಕಬ್ಬಿನ ಗರಿಗಳು ಗೀರಿ ಮುಖವೆಲ್ಲ ಬೆಕ್ಕು ಪರಚಿದಂತಾಯಿತು.

ಕಬ್ಬು ಕಡುಹಸಿರಾಯಿತು. ಮುರಗೆಪ್ಪ ಮೀಸೆ ತಿರುವಿದ. ಆಮೇಲೆ ಒಂದು ಗಾಳಿ ಬೀಸಿತು ನೋಡಿ, ಅರ್ಧ ಹೊಲ ಅಡ್ಡ ಮಲಗಿತು.

ಅಪ್ಪಾಸಾಬರು ಬಂದ ದಿನ ಗಾಣದಲ್ಲಿ ಎರಡು ಕೊಪ್ಪರಿಗೆ ಕಬ್ಬಿನ ಹಾಲು ಕುದಿಸಿದರು, ಮೊದಲು ಹೊಲದ ಕಬ್ಬಿನದು, ಕೊನೆಗೆ ದೇವರ ಸಾಲಿನದು. ಮರುದಿನ ಬೆಳಿಗ್ಗೆ ಮುರಗೆಪ್ಪ ಠೀವಿಯಿಂದ ಹೊಲದ ಬೆಲ್ಲದ ಪೆಂಟಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಬೆಲ್ಲ ಒಂದು ಕ್ಷಣ ಯೋಚಿಸಿತು. ಆಮೇಲೆ ಮೆಲ್ಲಗೆ ಕುಸಿದು, ಹರಿದು, ಅಪ್ಪಾಸಾಬರ ಬಿಳೀ ಧೋತರವನ್ನು ಹಿಡಿದುಕೊಂಡಿತು.

"ಮುರಗೆಪ್ಪನವರ, ಇದನ್ನ ತಿನ್ನೂದೋ, ಕುಡಿಯೂದೋ?" ಎಂದರು ಅಪ್ಪಾಸಾಬರು.

ಮುರಗೆಪ್ಪನಿಗೆ ಅಳುವೇ ಬಂತು. ಮಗಳ ಸಂಬಂಧ ಬೆಲ್ಲದ ಜೊತೆ ಹರಿದುಹೋಯಿತೆಂದು ತಲೆ ತಗ್ಗಿಸಿದ. ಆಗ ಗಿರಿಜವ್ವ ದೇವರ ಸಾಲಿನ ಪೆಂಟಿ ಬಿಚ್ಚಿದಳು. ಹೊನ್ನಿನ ಬಣ್ಣ, ತಟ್ಟಿದರೆ ಠಣ್ ಅನ್ನುವಷ್ಟು ಗಟ್ಟಿ.

"ವೀರಭದ್ರನ ಪವಾಡ!" ಎಂದು ಮುರಗೆಪ್ಪ ಕೈ ಮುಗಿದ.

"ಪವಾಡ ಅಲ್ಲೋ ಮಾರಾಯಾ," ಬೆಲ್ಲ ನೋಡಲು ಬಂದಿದ್ದ ಬಾಬಾಸಾಹೇಬ ನಕ್ಕ. "ಎಲಿ ಅಂದ್ರ ಕಬ್ಬಿನ ಅಡಗಿ ಮನಿ, ಬಿಸಲ ಅಂದ್ರ ಬೆಂಕಿ. ಯೂರಿಯಾದಾಗಿನ ಸಾರಜನಕ ಸಿಕ್ಕರ ಎಲಿ ಹಸರಾಗಿ ಸಕ್ಕರಿ ತಯಾರ ಮಾಡತೈತಿ. ಕಮ್ಮಿ ಬಿದ್ರ ಎಲಿ ಹಳದಿ ಆಗಿ ಒಲಿ ಆರತೈತಿ. ಆದ್ರ ಮಾಗೂ ಹೊತ್ತಿನ್ಯಾಗ ಹೆಚ್ಚ ಕೊಟ್ರ ಹೊಸ ಎಲಿ, ಬುಡದಾಗ ಹೊಸ ಮರಿ ಹುಟ್ಟಿ ಆ ಸಕ್ಕರಿ ಅವೇ ತಿಂತಾವ. ಕಬ್ಬ ಮೆತ್ತಗಾಗಿ ಗಾಳಿಗೆ ಬೀಳತೈತಿ, ಬಿದ್ದ ಕಬ್ಬಿನ ಎಲಿಗೆ ಬಿಸಲೂ ತಾಗೂದಿಲ್ಲ. ಬೆಲ್ಲ ಎಲ್ಲಿಂದ ಗಟ್ಟಿ ಆಗ್ಬೇಕು?"

ಮುರಗೆಪ್ಪ ಹೆಂಡತಿಯತ್ತ ತಿರುಗಿದ. "ನಿನಗ ಗೊತ್ತಿತ್ತೇನ ಇದು?"

"ಬಾಬಾಸಾಹೇಬಣ್ಣ ಹೇಳಿದ್ದ ಕೇಳಿದ್ನಿ. ನಾ ಹೇಳಿದ್ರ ನೀವು ಕೇಳ್ತಿದ್ರೇನ್ರಿ? ಅದಕ್ಕ ದೇವರನ್ನ ಮುಂದ ಮಾಡಿದ್ನಿ."

ಅಪ್ಪಾಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಟ್ಟಿ ಬೆಲ್ಲದ ಒಂದು ಚೂರು ಬಾಯಿಗೆ ಹಾಕಿಕೊಂಡು ಹೇಳಿದರು, "ಸುಂದರಾಗ ತಾಯಿ ಬುದ್ಧಿ ಬಂದಿದ್ರ ನಮ್ಮದು ಹೂಂ ಐತಿ. ತಂದಿ ಬುದ್ಧಿ ಇದ್ರ ಮಾತ್ರ ಇನ್ನೊಂದ ಧೋತರ ತರ್ತೀನಿ."

ಮರುವರ್ಷ ಯೂರಿಯಾ ಬುಟ್ಟಿ ಎತ್ತುವ ಮುಂಚೆ ಮುರಗೆಪ್ಪ ಹೆಂಡತಿಯನ್ನು ಕೇಳಿದ. ಹೊಲವೆಲ್ಲ ದೇವರ ಸಾಲಿನಂತೆಯೇ ಬೆಳೆಯಿತು.

ಕಬ್ಬು ಬೆಳೆಯುವ ಅಣ್ಣಂದಿರೇ, ಅಕ್ಕಂದಿರೇ, ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಅದು ಹೇಳಿದಷ್ಟೇ ಯೂರಿಯಾವನ್ನು ಕಂತಿನಲ್ಲಿ ಕೊಡಿ, ಬೋದು ಏರಿಸುವಷ್ಟರಲ್ಲಿ ಮುಗಿಸಿಬಿಡಿ. ಬೀಗರು ನಿಮ್ಮ ಮುಲಾಜಿಗೆ ಸುಮ್ಮನಿದ್ದಾರು, ಬೆಲ್ಲ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತದೆ.