ಅಂಚಿನ ಹನ್ನೊಂದು ನಕ್ಷತ್ರಗಳು

ದೂರದ ಒಂದು ಕುಬ್ಜ ಗ್ಯಾಲಕ್ಸಿಯ ಒಂದೊಂದು ನಕ್ಷತ್ರದಲ್ಲೂ ಕಬ್ಬಿಣ ಎಷ್ಟಿದೆಯೆಂದು ಅಳೆಯಲು ಸಂಶೋಧಕಿ ನಾಲ್ಕು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿದಿದ್ದಳು. ಅವಳ ಗೈಡ್ ಒಂದು ಮಾತೂ ಕೇಳದೆ ಅವಳ ಮೊದಲ ಕರಡನ್ನೇ ಎತ್ತಿ, ತನ್ನೊಬ್ಬನ ಹೆಸರಿನಲ್ಲಿ ಅಚ್ಚು ಹಾಕಿಸಿಕೊಂಡ.

ಇಂದು ಕಿಕ್ಕಿರಿದ ಸಭಾಂಗಣದಲ್ಲಿ ಅವನು ಎದೆಯುಬ್ಬಿಸಿ ಹೇಳುತ್ತಿದ್ದ: "ಹಳೇ ನಕ್ಷತ್ರಗಳಲ್ಲಿ ಕಬ್ಬಿಣ ಕಮ್ಮಿ, ಆಮೇಲೆ ಹುಟ್ಟಿದವುಗಳಲ್ಲಿ ಜಾಸ್ತಿ. ಕಬ್ಬಿಣ ಜಾಸ್ತಿ ಇರೋವು ಗ್ಯಾಲಕ್ಸಿಯ ನಡುವೆ ಮಾತ್ರ ಸಿಗ್ತವೆ ಅಂತ ಎಲ್ಲರೂ ಅಂದ್ಕೊಂಡಿದ್ರು. ನಾನು ಅಂಚಿನಲ್ಲೂ ಹನ್ನೊಂದು ಹುಡುಕಿದೀನಿ!"

ಚಪ್ಪಾಳೆ ಪೂರ್ತಿ ನಿಲ್ಲುವವರೆಗೆ ಕಾದು, ಹಿಂದಿನ ಸಾಲಿನಲ್ಲಿ ಅವಳು ಎದ್ದು ನಿಂತಳು.

"ಸರ್, ಆ ಹನ್ನೊಂದರ ವೇಗ ನೋಡಿದ್ರಾ? ಅಲ್ಲಿನ ಬೇರೆ ನಕ್ಷತ್ರಗಳ ವೇಗಕ್ಕೆ ಹೊಂದೋದೇ ಇಲ್ಲ. ಅವು ಆ ಗ್ಯಾಲಕ್ಸಿಯವೇ ಅಲ್ಲ. ನಮ್ಮ ಗ್ಯಾಲಕ್ಸಿಯವು, ದೂರದರ್ಶಕಕ್ಕೆ ಅಡ್ಡ ಬಂದಿವೆ ಅಷ್ಟೆ."

ಸಭೆ ಗೊಳ್ಳೆಂದು ನಕ್ಕಿತು. ಅವನ ಮುಖ ಇಂಗು ತಿಂದ ಮಂಗನಂತಾಯಿತು. ವೇದಿಕೆ ಇಳಿದವನೇ ಅವಳ ಬಳಿ ಬಂದು ಪಿಸುದನಿಯಲ್ಲೇ ಗುಡುಗಿದ: "ನಿಂಗೆ ಮೊದಲೇ ಗೊತ್ತಿತ್ತಾ?"

"ಕರಡು ಕೊಟ್ಟ ಮಾರನೇ ದಿನವೇ ಗೊತ್ತಾಯ್ತು ಸರ್. ತಿದ್ದಿ ತರೋ ಹೊತ್ತಿಗೆ ನೀವು ಅಚ್ಚಿಗೆ ಕಳಿಸಿಯಾಗಿತ್ತು. ಅದರಲ್ಲಿ ನನ್ನ ಹೆಸರೂ ಇದ್ದಿದ್ರೆ ಅವತ್ತೇ ಹೇಳ್ತಿದ್ದೆ."