ಹಾಲು ಕರೆದ ಮೇಲೆ

ಡಿಸೆಂಬರಿನಿಂದ ಬಿರುಗಾಳಿ ನಿಂತೇ ಇಲ್ಲ. ಇವತ್ತು ಇಂಗ್ಲೆಂಡಿನ ಸಾಮರ್ಸೆಟ್‌ನ ನಮ್ಮ ಕೊಟ್ಟಿಗೆಯೊಳಗೆ ಹೊಳೆ ನೀರು ಮೊಣಕಾಲಿಗೆ ಬಂತು. ಕೂಡಲೇ ದಿಬ್ಬಕ್ಕೆ ಅಟ್ಟದಿದ್ದರೆ ಹಸುಗಳು ಉಳಿಯುವುದಿಲ್ಲ. ಎಷ್ಟು ಬೈದರೂ, ತಳ್ಳಿದರೂ ಒಂದೂ ಅಲ್ಲಾಡಲಿಲ್ಲ.

“ಕರೆಯೋ ಹೊತ್ತು ಕಣಮ್ಮ. ಹಾಲು ಕರೀದೆ ಅವು ಹೊರಗೆ ಕಾಲಿಡಲ್ಲ,” ಎಂದರು ಮಾವ ವಿಲ್ಫ್ರೆಡ್.

“ಕರೆಂಟಿಲ್ಲ ಮಾವ, ಕರೆಯೋ ಮಷೀನ್ ನಡೆಯಲ್ಲ. ಕೈಯಲ್ಲಿ ಎಲ್ಲ ಕರೆಯೋಷ್ಟರಲ್ಲಿ ನಾವೂ ತೇಲ್ತಿರ್ತೀವಿ.”

“ಎಲ್ಲ ಯಾಕೆ? ಹಿಂಡಿನ ಯಜಮಾನಿ ಡಾಫ್ನಿ ಹೊರಟ್ರೆ ಸಾಕು. ಉಳಿದವು ನನ್ನ ಮಗನ ಥರಾನೇ, ಸುಮ್ನೆ ಹಿಂದೆ ಬರ್ತವೆ.”

ನೀರು ಡಾಫ್ನಿಯ ಕೆಚ್ಚಲಿಗೆ ತಾಗುತ್ತಿತ್ತು. ಮರಗಟ್ಟಿದ ಬೆರಳಲ್ಲಿ ಹಿಂಡಿದೆ. ಹಾಲೆಲ್ಲ ಕೆಸರು ನೀರಿಗೇ ಹೋಯಿತು. ಕೆಚ್ಚಲು ಬರಿದಾದದ್ದೇ ಅವಳು ಎಂದಿನಂತೆ ನಿಧಾನವಾಗಿ ತಿರುಗಿ ಬಾಗಿಲು ದಾಟಿದಳು. ಉಳಿದವೂ ತುಂಬಿದ ಕೆಚ್ಚಲಲ್ಲೇ ಒಂದೊಂದಾಗಿ ಅವಳ ಹಿಂದೆ ದಿಬ್ಬದ ಕಡೆ ನಡೆದವು.